ಎರಡೂ ಸ್ಟೇಷನ್ ಕೇಳುತ್ತಿದ್ದ ಸಾಹೇಬರು

ಇಸ್ತಾಂಬುಲಿನಲ್ಲಿ ಇವತ್ತು ಮಳೆಯೋ ಬಿಸಿಲೋ ಎಂದು ಹೇಳಬಲ್ಲವರು ತುಮಕೂರಿನ ಮರಳೂರಿನಲ್ಲಿ ಒಬ್ಬರೇ ಇದ್ದರು. ಯಾರೂ ಕೇಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದರು. ಬೆಳಿಗ್ಗೆ ಗುಬ್ಬಿ ಬಸ್ಸಿಗೆ ಓಡುತ್ತಿದ್ದ ನನ್ನನ್ನು ತಮ್ಮ ರಿಪೇರಿ ಅಂಗಡಿಯ ಬಾಗಿಲಲ್ಲೇ ತಡೆದು, "ಅಲ್ಲಿ ಸಮುದ್ರ ಭಾರಿ ಗಲಾಟೆ ಮಾಡ್ತಿದೆ ಮೇಡಂ, ನಿನ್ನೆಯಿಂದ ದ್ವೀಪಕ್ಕೆ ಬೋಟೇ ಬಿಟ್ಟಿಲ್ಲ" ಅನ್ನುತ್ತಿದ್ದರು. ಹತ್ತಿರದ ನೆಂಟರಿಗೆ ತೊಂದರೆಯಾದಂತೆ ಮುಖ ಸಣ್ಣಗಾಗಿರುತ್ತಿತ್ತು. ನಾನು "ಅಯ್ಯೋ ಪಾಪ" ಅಂದು ಬಸ್ಸು ಹತ್ತುತ್ತಿದ್ದೆ. ಈ ವರ್ಷ ಶಿವರಾತ್ರಿಯಾದ ಮಾರನೆಯ ವಾರ ಅವರು ತೀರಿಕೊಂಡರು.

ಬೀದಿಯವರಿಗೆಲ್ಲ ಅವರು ರೇಡಿಯೊ ಸಾಬ್ರು. ನಾನು ಸಾಹೇಬ್ರೇ ಅನ್ನುತ್ತಿದ್ದೆ. ಹುಟ್ಟಿ ಬೆಳೆದದ್ದು ಕುಣಿಗಲ್ಲಿನಲ್ಲಿ. ಅವರ ತಂದೆ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ತೊಳೆಯುವ ಕೆಲಸದಲ್ಲಿದ್ದರಂತೆ. ಮಗ ಕುದುರೆಯ ಹತ್ತಿರ ಹೋಗಲಿಲ್ಲ. ಫಾರಂನ ಆಫೀಸಿನಲ್ಲಿದ್ದ ದೊಡ್ಡ ರೇಡಿಯೊದ ಹತ್ತಿರ ಹೋದರು. ಆದರೆ ಅಪ್ಪನ ಕೈಗುಣ ಬಿಟ್ಟಿರಲಿಲ್ಲ. ಯಾವ ಯಂತ್ರ ರಿಪೇರಿ ಮಾಡಿದರೂ ಕೊನೆಯ ಸ್ಕ್ರೂ ಬಿಗಿದ ಮೇಲೆ ಅದರ ಬೆನ್ನನ್ನು ಎರಡು ಸಲ ತಟ್ಟುತ್ತಿದ್ದರು, ನೀರು ಕುಡಿದು ಬಂದ ಕುದುರೆಯನ್ನು ತಟ್ಟುವಂತೆ. ಎತ್ತರದ ಆಳು, ಸ್ವಲ್ಪ ಗೂನು ಬೆನ್ನು, ಕಿವಿಯ ಮೇಲೆ ಪೆನ್ಸಿಲ್ ಇಡುವ ಜಾಗದಲ್ಲಿ ಒಂದು ಟೆಸ್ಟರು. ಅಂಗಡಿ ಒಂದು ಬೇಕರಿಗೂ ಪಂಕ್ಚರ್ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಅಗಲ.

ನಾನು ಮದುವೆಯಾಗಿ ಮರಳೂರಿಗೆ ಬಂದ ಹೊಸತು. ಗುಬ್ಬಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿ ಆಗತಾನೇ ಸೇರಿದ್ದೆ. ನಮ್ಮ ಮಾವನವರ ಹಳೆಯ ರೇಡಿಯೊ ಕೆಟ್ಟಿತ್ತು. ಅದನ್ನು ಸರಿಮಾಡಿ ಮನೆಗೇ ತಂದುಕೊಟ್ಟ ಇವರು, ಪಡಸಾಲೆಯಲ್ಲಿ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದುದನ್ನು ನೋಡಿ ನಿಂತುಬಿಟ್ಟರು.

"ಇಂಗ್ಲಿಷಾ ಮೇಡಂ?"

"ಹೌದು."

"ನಂಗೆ ಕೇಳೋಕ್ ಬರುತ್ತೆ. ಬರೆಯೋಕ್ ಬರಲ್ಲ. ಎಸ್ಸೆಲ್ಸಿಲಿ ಅದೊಂದೇ ಹೋಗಿದ್ದು."

ಮಾರನೆಯ ಸಂಜೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೆ ಬಣ್ಣಬಣ್ಣದ ಕಾರ್ಡುಗಳು. ಆಗ ಶಾರ್ಟ್‌ವೇವ್‌ನಲ್ಲಿ ದೂರದ ದೇಶಗಳ ಇಂಗ್ಲಿಷ್ ಕಾರ್ಯಕ್ರಮಗಳು ಬರುತ್ತಿದ್ದವು. ನಿಮ್ಮ ಸ್ಟೇಷನ್ನು ಇಂಥ ಊರಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದು ಬರೆದು ಕಳಿಸಿದರೆ ಅವರು ನೆನಪಿಗೆ ಒಂದು ಚಿತ್ರದ ಕಾರ್ಡು ಕಳಿಸುತ್ತಿದ್ದರು. ಇವರಿಗೆ ಅತಿ ಹೆಚ್ಚು ಕಾರ್ಡು ಬಂದದ್ದು ಎರಡು ದೇಶಗಳಿಂದ, ಗ್ರೀಸ್ ಮತ್ತು ತುರ್ಕಿ. ಯಾಕೆ ಅವೆರಡೇ ಅಂದರೆ, ಇವರ ರೇಡಿಯೊದ ಮುಳ್ಳಿಗೆ ಅವೆರಡೂ ಅಕ್ಕಪಕ್ಕದಲ್ಲೇ ಸಿಗುತ್ತಿದ್ದವು, ಅಷ್ಟೇ.

"ಜಗಳ ಒಂದೇ ಮೇಡಂ, ಸ್ಟೇಷನ್ ಎರಡು. ಇವ್ರದ್ ಕೇಳಿದ್ರೆ ಅವ್ರದು ತಪ್ಪು, ಅವ್ರದ್ ಕೇಳಿದ್ರೆ ಇವ್ರದು ತಪ್ಪು. ಒಂದೇ ಕೇಳೋನು ಆರಾಮಾಗಿ ಇರ್ತಾನೆ. ನಾನ್ ಎರಡೂ ಕೇಳಿ ಹಾಳಾದೆ."

ಹಾಗೆ ನಾನು ಅವರ ಕಾಗದ ಬರೆದುಕೊಡುವವಳಾದೆ. ಇಪ್ಪತ್ತೈದು ವರ್ಷಕ್ಕೂ ಮೇಲೆ ಆ ಕೆಲಸ ಮಾಡಿದೆ. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಆಮೇಲೆ ಗಟ್ಟಿಯಾಗಿ ಓದಿ ತೋರಿಸಬೇಕಿತ್ತು. ಓದುವಾಗ ಕಣ್ಣು ಮುಚ್ಚಿ ರೇಡಿಯೊ ಕೇಳುವಂತೆ ಕೇಳುತ್ತಿದ್ದರು. ನಾನು ಹೊಸ ಉತ್ಸಾಹದಲ್ಲಿ ಎಲ್ಲಾದರೂ ಒಂದು ದೊಡ್ಡ ಪದ ಹಾಕಿದರೆ ತಟ್ಟನೆ ಕಣ್ಣು ಬಿಡುತ್ತಿದ್ದರು.

"ಅದ್ ತೆಗೀರಿ ಮೇಡಂ. ನಾನು ಅಷ್ಟ್ ದೊಡ್ಡ ಮನುಷ್ಯ ಅಲ್ಲ."

ಒಂದು ಸಲ ಎರಡೂ ಸ್ಟೇಷನ್ನಿನವರು ಇವರ ಕಾಗದವನ್ನು ಇವರ ವಿಳಾಸದ ಸಮೇತ ಓದಿದರು. ಅದನ್ನು ಕೇಳಿದ ಇಬ್ಬರು ಇವರಿಗೆ ನೇರವಾಗಿ ಬರೆದರು. ಒಬ್ಬರು ಇಸ್ತಾಂಬುಲಿನ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ ವಾಚ್ ರಿಪೇರಿ ಮಾಡುವ ವಯಸ್ಸಾದವರು. ಇರುವುದು ತುರ್ಕಿಯಲ್ಲಿ, ಆದರೆ ಗ್ರೀಕರು, ಕ್ರೈಸ್ತರು. ಇನ್ನೊಬ್ಬರು ಗ್ರೀಸಿನ ಈಶಾನ್ಯ ಮೂಲೆಯಲ್ಲಿ ತಂಬಾಕು ಬೆಳೆಯುವ ಒಂದು ಊರಿನ ಸ್ಕೂಲ್ ಮೇಷ್ಟರು. ಇರುವುದು ಗ್ರೀಸಿನಲ್ಲಿ, ಆದರೆ ಮುಸ್ಲಿಮರು, ಮನೆಮಾತು ತುರ್ಕಿ.

ಈ ಅದಲುಬದಲು ಹೇಗಾಯಿತು ಎಂದು ನನಗೆ ಅರ್ಥ ಮಾಡಿಸಿದ್ದು ಸಾಹೇಬರೇ. ಬೇಕರಿಯ ಎರಡು ಬಿಸ್ಕತ್ತು, ಎರಡು ರಸ್ಕು ಬೆಂಚಿನ ಮೇಲಿಟ್ಟು ತೋರಿಸಿದರು. ಸುಮಾರು ನೂರು ವರ್ಷದ ಹಿಂದೆ ಯುದ್ಧ ಮುಗಿದ ಮೇಲೆ ಎರಡು ಸರ್ಕಾರಗಳೂ ಕೂತು, ನಿಮ್ಮವರು ನಿಮಗೆ, ನಮ್ಮವರು ನಮಗೆ ಎಂದು ಲಕ್ಷಾಂತರ ಜನರನ್ನು ಮನೆಮಠ ಬಿಡಿಸಿ ಅತ್ತಿಂದಿತ್ತ ಸಾಗಿಸಿದವು. ಇಸ್ತಾಂಬುಲಿನ ಗ್ರೀಕರನ್ನೂ ಆ ಮೂಲೆಯ ಮುಸ್ಲಿಮರನ್ನೂ ಮಾತ್ರ ಇದ್ದಲ್ಲೇ ಬಿಟ್ಟವು.

"ಬಿಟ್ಟಿದ್ದು ಒಳ್ಳೇದಾಯ್ತಲ್ಲ ಸಾಹೇಬ್ರೇ?"

"ಎಲ್ ಒಳ್ಳೇದು? ಇವ್ರು ಅಲ್ಲಿಯೋರಿಗೆ ಒಂದ್ ಏಟ್ ಕೊಟ್ರೆ, ಅವ್ರು ಇಲ್ಲಿಯೋರಿಗೆ ಒಂದ್ ಕೊಡೋದು. ನೀನ್ ನಮ್ಮೋರಿಗೆ ಮಾಡ್ದೆ, ಅದಕ್ಕೆ ನಾನ್ ನಿಮ್ಮೋರಿಗೆ ಮಾಡ್ದೆ ಅಂತ. ಏಟ್ ತಿಂದೋರಿಬ್ರೂ ಏನ್ ಮಾಡಿದ್ರು ಮೇಡಂ? ತಮ್ ಪಾಡಿಗೆ ಒಬ್ರು ವಾಚ್ ರಿಪೇರಿ ಮಾಡ್ಕೊಂಡವ್ರೆ, ಒಬ್ರು ಪಾಠ ಹೇಳ್ಕೊಂಡವ್ರೆ."

ವಾಚಿನ ಮುದುಕರ ಕಾಗದಗಳು ಚಿಕ್ಕವು, ಅಕ್ಷರ ಇರುವೆ ಸಾಲಿನ ಹಾಗೆ. ಅವರು ಪ್ರಾಯದಲ್ಲಿದ್ದಾಗ ಒಂದು ದಿನ ಗುಂಪು ನುಗ್ಗಿ ಬೀದಿಯ ಗ್ರೀಕರ ಅಂಗಡಿಗಳನ್ನೆಲ್ಲ ಒಡೆದಿತ್ತಂತೆ. ದ್ವೀಪದ ಗ್ರೀಕ್ ಶಾಲೆಯಲ್ಲಿ ಈಗ ಮಕ್ಕಳಿಗಿಂತ ಬೆಂಚುಗಳೇ ಜಾಸ್ತಿ ಎಂದು ಬರೆದಿದ್ದರು. ಬೋಟಿನಲ್ಲಿ ಹೋಗುವಾಗ ಹೆಂಡತಿಯ ಜೊತೆ ಗ್ರೀಕಿನಲ್ಲಿ ಮಾತಾಡಬೇಕಾದರೆ ಈಗಲೂ ದನಿ ತಾನಾಗಿ ಇಳಿಯುತ್ತದೆ ಎಂದೂ ಬರೆದಿದ್ದರು. ಮೇಷ್ಟರ ಕಾಗದ ಉದ್ದ, ಸಿಟ್ಟಿನದು. ಅವರ ಟೀಚರುಗಳ ಸಂಘದ ಬೋರ್ಡಿನಿಂದ 'ತುರ್ಕಿ' ಎಂಬ ಪದ ತೆಗೆಯಿರಿ ಎಂದು ಕೋರ್ಟು ಹೇಳಿತ್ತು. ನೀವು ಮುಸ್ಲಿಮರು ಎಂದು ಬೇಕಾದರೆ ಹೇಳಿಕೊಳ್ಳಿ, ತುರ್ಕರು ಎಂದು ಹೇಳಿಕೊಳ್ಳುವಂತಿಲ್ಲ. ಮೇಷ್ಟರು ಅದನ್ನು ಪ್ರಶ್ನಿಸಿ ಒಂದು ಸಣ್ಣ ಪತ್ರಿಕೆಯಲ್ಲಿ ಬರೆದರು, ಅದಕ್ಕೂ ಒಂದು ಕೇಸು ಬಿತ್ತು. ಇತ್ತ ತುರ್ಕಿಯಲ್ಲಿ ದೇಶಕ್ಕೆ ಅವಮಾನ ಮಾಡಿದಿರಿ ಎಂದು ಬರಹಗಾರರನ್ನು ಕೋರ್ಟಿಗೆ ಎಳೆಯುವ ಸುದ್ದಿ. ಗ್ರೀಸಿನ ಸ್ಟೇಷನ್ನು ತುರ್ಕಿಯ ಕೇಸುಗಳನ್ನು ಹೇಳುತ್ತಿತ್ತು. ತುರ್ಕಿಯ ಸ್ಟೇಷನ್ನು ಗ್ರೀಸಿನ ಕೇಸುಗಳನ್ನು ಹೇಳುತ್ತಿತ್ತು. "ಎರಡೂ ನಿಜಾನೇ ಹೇಳ್ತವೆ, ಪಕ್ಕದ್ಮನೆ ನಿಜ" ಅನ್ನುತ್ತಿದ್ದರು ಸಾಹೇಬರು.

ಒಮ್ಮೆ ಮಾತ್ರ ಎರಡೂ ಸ್ಟೇಷನ್ನು ಒಂದೇ ಸುದ್ದಿ ಹೇಳಿದ್ದವು. ತುರ್ಕಿಯಲ್ಲಿ ಭೂಕಂಪವಾಗಿ ಗ್ರೀಸಿನವರು ಮಣ್ಣಡಿ ಸಿಕ್ಕವರನ್ನು ಎತ್ತಲು ಓಡಿಹೋದರು. ಕೆಲವೇ ವಾರಗಳಲ್ಲಿ ಅಥೆನ್ಸ್ ನಡುಗಿತು, ತುರ್ಕಿಯವರು ಓಡಿಬಂದರು. ಆ ದಿನಗಳಲ್ಲಿ ಸಾಹೇಬರು ಮಿಕ್ಸಿ ಫ್ಯಾನು ಯಾವುದನ್ನೂ ಮುಟ್ಟಲಿಲ್ಲ. ರೇಡಿಯೊ ಮುಂದೆ ಕೂತು ಅಳುತ್ತಿದ್ದರು, ಟವೆಲಿನಲ್ಲಿ ಮೂಗು ಒರೆಸಿಕೊಂಡು ಮುಳ್ಳು ತಿರುಗಿಸಿ ಇನ್ನೊಂದು ಸ್ಟೇಷನ್ನು ಕೇಳುತ್ತಿದ್ದರು, ಮತ್ತೆ ಅಳುತ್ತಿದ್ದರು. ಅವರ ಹೆಂಡತಿ ನನ್ನನ್ನು ಕರೆದು, "ನೋಡಿ ಮೇಡಂ, ನನ್ ತಮ್ಮ ಸತ್ತಾಗ್ಲೂ ಇಷ್ಟ್ ಅತ್ತಿಲ್ಲ ಇವ್ರು" ಅಂದರು.

ಆಮೇಲೆ ಶುರುವಾದದ್ದು ಯುರೋಪಿನ ಚಿಂತೆ. ತುರ್ಕಿಯನ್ನು ಯುರೋಪಿನ ಒಕ್ಕೂಟಕ್ಕೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ಸಾಹೇಬರಿಗೆ ಮನೆಯ ಮದುವೆ ಮಾತುಕತೆಯಾಗಿಬಿಟ್ಟಿತು. ಇಬ್ಬರು ಸ್ನೇಹಿತರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ, ಅದನ್ನೇ ಬಯಸಿ ಬರೆದಿದ್ದರು. ತುರ್ಕಿ ಸೇರಿದರೆ ಸರ್ಕಾರ ಮುಚ್ಚಿಸಿದ ನಮ್ಮ ಪಾದ್ರಿ ತರಬೇತಿಯ ಶಾಲೆ ತೆರೆಯಬೇಕಾಗುತ್ತದೆ ಎಂದು ಮುದುಕರು. ತುರ್ಕಿ ಸೇರಿದರೆ ಅಲ್ಲಿಗೆ ಮದುವೆಯಾಗಿ ಹೋದ ನನ್ನ ತಂಗಿ ವೀಸಾಕ್ಕೆ ಕಾಯದೆ ತವರಿಗೆ ಬರುತ್ತಾಳೆ ಎಂದು ಮೇಷ್ಟರು. ಮಾತುಕತೆ ಶುರುಮಾಡಲು ಯುರೋಪಿನವರು ಒಪ್ಪಿದ ದಿನ ಸಾಹೇಬರು ಬೇಕರಿಯಿಂದ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದರು.

ಪಂಕ್ಚರ್ ಅಂಗಡಿಯವನು ಕೇಳಿದ, "ಏನ್ ಸಾಬ್ರೇ, ಮಗಳಿಗ್ ಗಂಡು ಸಿಕ್ತಾ?"

"ಇಲ್ಲ ಕಣೋ, ತುರ್ಕಿಗ್ ಸಿಕ್ತು."

ಆ ಗಂಡು ಮನೆಗೆ ಬರಲೇ ಇಲ್ಲ. ವರ್ಷಗಳು ಕಳೆದವು. ಸಾಹೇಬರ ಮಗಳ ಮದುವೆಯಾಯಿತು, ಅವಳಿಗೆ ಎರಡು ಮಕ್ಕಳಾದವು. "ನೋಡೋಕ್ ಬಂದೋರು ಕಾಫಿ ಕುಡೀತಾರೆ, ಹೋಗ್ತಾರೆ, ಉತ್ತರ ಹೇಳಲ್ಲ. ಹುಡುಗಿಗೂ ಈಗ ಸೊಕ್ಕು ಬಂದ್ಬುಟ್ಟಿದೆ, ನೀವ್ ಬೇಡ ಬುಡಿ ಅಂತಾಳೆ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಆದರೆ ಆ ನಡುವೆ ಅವರು ಒಂದು ಕೆಲಸ ಮಾಡಿದ್ದರು. ಇಬ್ಬರ ಒಪ್ಪಿಗೆ ಕೇಳಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕೊಟ್ಟರು. ಮೇಷ್ಟರು ಒಂದು ಬೇಸಿಗೆಯಲ್ಲಿ ತಂಗಿಯನ್ನು ನೋಡಲು ಹೋದಾಗ ದ್ವೀಪಕ್ಕೂ ಹೋದರು. ಅಲ್ಲಿಂದ ಮರಳೂರಿಗೆ ಒಂದು ಫೋಟೊ ಬಂತು. ಮೇಜಿನ ಮುಂದೆ ಇಬ್ಬರು, ಮಧ್ಯೆ ಒಂದು ತಟ್ಟೆ. ಫೋಟೊದ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ, ಅರ್ಧ ಇರುವೆ ಸಾಲು, ಅರ್ಧ ಮೇಷ್ಟರ ಉದ್ದ ಅಕ್ಷರ: 'ಮೀನು ಬರುವವರೆಗೆ ಜಗಳವಾಡಿದೆವು. ಮೀನು ಬಂದ ಮೇಲೆ ತಿಂದೆವು.' ಸಾಹೇಬರು ಅದನ್ನು ಎಷ್ಟು ಸಲ ಓದಿಸಿ ನಕ್ಕರೋ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಅವರನ್ನು ನಾನು ನಿಜವಾಗಿ ಅರಿತದ್ದು, ನನ್ನನ್ನೂ ಅರಿತದ್ದು, ಕೊರೋನಾ ಬಂದ ವರ್ಷ.

ಇಸ್ತಾಂಬುಲಿನಲ್ಲಿ ದೊಡ್ಡ ಗುಮ್ಮಟದ ಒಂದು ಪುರಾತನ ಕಟ್ಟಡವಿದೆ, ಆಯಾ ಸೋಫಿಯಾ. ಮೊದಲು ಗ್ರೀಕರ ಚರ್ಚು, ಆಮೇಲೆ ಶತಮಾನಗಳ ಕಾಲ ಮಸೀದಿ, ಆಮೇಲೆ ಮ್ಯೂಸಿಯಂ. ಆ ವರ್ಷ ಅದನ್ನು ಮತ್ತೆ ಮಸೀದಿ ಮಾಡಿದರು. ಅಲ್ಲಿಂದ ಬಂದ ಅಜಾನ್ ಕೂಗಿನ ವಿಡಿಯೊ ಮರಳೂರಿನ ಫೋನುಗಳಲ್ಲೂ ಹರಿದಾಡಿತು. ಬೀದಿಯಲ್ಲಿ ಕೆಲವರು ಸಿಹಿ ಹಂಚಿದರು. ಸಾಹೇಬರೂ ತಿಂದರು. ಖುಷಿಯಿಂದ ಕಣ್ಣಲ್ಲಿ ನೀರು ಬಂತು ಎಂದು ಅವರೇ ನನಗೆ ಹೇಳಿದ್ದಾರೆ.

ನಾಲ್ಕನೆಯ ದಿನ ಮಾಸ್ಕ್ ಹಾಕಿಕೊಂಡು ನಮ್ಮ ಗೇಟಿನ ಹೊರಗೆ ನಿಂತರು. ಕೈಯಲ್ಲಿ ಮಗಳ ಫೋನು. ಅಂಚೆ ನಿಂತುಹೋಗಿದ್ದರಿಂದ ಮುದುಕರು ಪಕ್ಕದ ಮನೆಯ ಹೆಣ್ಣುಮಗಳಿಂದ ಈಮೇಲ್ ಮಾಡಿಸಿದ್ದರು. ನಾಲ್ಕೇ ಸಾಲು. ತಾನು ಚಿಕ್ಕವನಿದ್ದಾಗ, ಅದು ಮ್ಯೂಸಿಯಮ್ಮಾಗಿದ್ದಾಗ, ತಾಯಿ ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಕಾವಲಿನವರಿಗೆ ಕಾಣದಂತೆ ಕೋಟಿನ ಜೇಬಿನೊಳಗೇ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿಕೊಂಡಿದ್ದಳು. 'ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಕೇಳಬೇಕೆನಿಸಿತು. ನಿಮಗೆ ಖುಷಿಯಾಯಿತೇ?'

"ಏನ್ ಬರೀಲಿ ಮೇಡಂ?"

"ಬೇಜಾರಾಯ್ತು ಅಂತ ಬರೆಯೋಣ ಸಾಹೇಬ್ರೇ. ವಯಸ್ಸಾದೋರು, ಸಮಾಧಾನ ಆಗುತ್ತೆ."

"ಸುಳ್ಳಾಗಲ್ವಾ? ಖುಷಿ ಆಗಿತ್ತಲ್ಲ ನಂಗೆ."

ಫೋನು ಜೇಬಿಗಿಟ್ಟುಕೊಂಡು ಹೋದರು. ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಬಂದು, ನಿಂತೇ ಹೇಳಿ ಬರೆಸಿದರು: 'ಖುಷಿಯಾಯಿತು. ಒಂದು ದಿನ ಪೂರ್ತಿ ಖುಷಿಯಾಯಿತು. ಆಮೇಲೆ ನಿಮ್ಮ ನೆನಪು ಬಂತು. ಮೊದಲೇ ಬರಬೇಕಿತ್ತು. ಬರಲಿಲ್ಲ. ಅದಕ್ಕೆ ನಾಚಿಕೆಯಾಗಿದೆ.' ಅದನ್ನು ನಾನು ಒಂದು ಪದವೂ ಸೇರಿಸದೆ ಇಂಗ್ಲಿಷಿಗೆ ಇಳಿಸಿದೆ. ಮುದುಕರ ಉತ್ತರ ಎರಡು ದಿನದಲ್ಲಿ ಬಂತು. 'ಉಳಿದವರೆಲ್ಲ ದುಃಖವಾಯಿತು ಎಂದು ಬರೆದರು. ನಿಮ್ಮದನ್ನು ಮಾತ್ರ ನಂಬಿದೆ.'

ಸಾಹೇಬರು ಅಷ್ಟಕ್ಕೆ ಬಿಡಲಿಲ್ಲ. ಆ ಶುಕ್ರವಾರ ನಮಾಜಿನ ನಂತರ ಮಸೀದಿಯ ಹೊರಗೆ ನಾಲ್ಕು ಹಿರಿಯರು ನಿಂತಿದ್ದಾಗ ಹೇಳಿಬಿಟ್ಟರಂತೆ: ನಾವು ಸಿಹಿ ಹಂಚಬಾರದಿತ್ತು, ಅಲ್ಲಿ ನಮ್ಮಂಥದೇ ಸಣ್ಣ ಗುಂಪಿನ ಜನ ಇದ್ದಾರೆ, ಅವರ ಕರುಳು ಕಿತ್ತುಬಂದಿದೆ, ಅದು ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿರಿಯರಿಗೆ ಸರಿ ಕಾಣಲಿಲ್ಲ. "ರೇಡಿಯೊ ಕೇಳಿ ಕೇಳಿ ತಲೆ ಕೆಟ್ಟದೆ" ಎಂದು ಬೈದು ಸುಮ್ಮನಾದರು. ನಾಲ್ಕು ದಿನ ಮುನಿಸು, ಆಮೇಲೆ ಅದು ತಣ್ಣಗಾಗುತ್ತಿತ್ತು.

ಅದನ್ನು ಆರಗೊಡದವಳು ನಾನು.

ಮಕ್ಕಳಿಲ್ಲದ ಶಾಲೆಗೆ ನಾವು ಟೀಚರುಗಳು ಮಾತ್ರ ಹೋಗಿ ಕೂರುತ್ತಿದ್ದ ದಿನಗಳು ಅವು. ಗುಬ್ಬಿಯ ಸ್ಟಾಫ್ ರೂಮಿನಲ್ಲಿ ಸಾಹೇಬರ ಕಥೆಯನ್ನು ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಅವರಂಥವರು ನನಗೆ ಗೊತ್ತು ಎಂಬ ಹೆಮ್ಮೆಯೂ ಅದರಲ್ಲಿ ಸೇರಿತ್ತು. ಸಹೋದ್ಯೋಗಿಯೊಬ್ಬರು ಬಹಳ ಆಸಕ್ತಿಯಿಂದ ಕೇಳಿದರು, ಅಂಗಡಿ ಎಲ್ಲಿ ಅಂದರು, ಹೇಳಿದೆ. ಸಂಜೆಗೆ ಅದು ಫೇಸ್‌ಬುಕ್ಕಿನಲ್ಲಿತ್ತು. ಇಸ್ತಾಂಬುಲು, ಮುದುಕರು, ಅವರ ತಾಯಿ ಯಾರೂ ಅದರಲ್ಲಿರಲಿಲ್ಲ. 'ಕೊನೆಗೂ ಅವರಲ್ಲೇ ಒಬ್ಬರು ಒಪ್ಪಿಕೊಂಡರು' ಎಂಬ ತಲೆಬರಹ, ಸಾಹೇಬರ ಹೆಸರು, ಅಂಗಡಿ ಇರುವ ಬೀದಿ. ಕೆಳಗೆ ನೂರೆಂಟು ಮಾತು, ಒಂದಕ್ಕಿಂತ ಒಂದು ಕೊಳಕು. ಮಾರನೆಯ ಬೆಳಿಗ್ಗೆ ಅದು ಮರಳೂರಿನ ಮಸೀದಿ ಬೀದಿಗೆ ಬಂದು ಮುಟ್ಟಿತು. ನಿನ್ನೆಯವರೆಗೆ ತಲೆಕೆಟ್ಟ ಮನುಷ್ಯ, ಇವತ್ತು ನಮ್ಮ ಮಾತನ್ನು ಹೊರಗೆ ಮಾರಿಕೊಂಡವನು. ಅವರ ಸ್ವಂತ ತಮ್ಮನೇ ಬಾಗಿಲಲ್ಲಿ ನಿಂತು, "ಇನ್ಮೇಲೆ ನಿನ್ ಮನೆ ಮೆಟ್ಟಿಲು ಹತ್ತಲ್ಲ" ಅಂದು ಹೋದ.

ನಾನು ವಿಷಯ ತಿಳಿದು ಓಡಿ ಅಂಗಡಿಗೆ ಹೋದಾಗ ಅಲ್ಲಿ ಆಗಲೇ ಐದಾರು ಜನ ಇದ್ದರು. ನನ್ನ ಸಹೋದ್ಯೋಗಿ, ಅವರ ಗೆಳೆಯರು. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಸಾಹೇಬರು ಟೇಬಲ್ ಫ್ಯಾನೊಂದನ್ನು ಬಿಚ್ಚಿ ಕೂತಿದ್ದರು.

"ಏನಿದು?" ಅಂದರು.

"ನಿಮ್ ಧೈರ್ಯಕ್ಕೆ ಒಂದು ಸಣ್ಣ ಸನ್ಮಾನ ಸಾಬ್ರೇ. ನಿಮ್ಮೋರಲ್ಲಿ ಹಿಂಗ್ ಮಾತಾಡೋರು ಎಷ್ಟು ಜನ ಸಿಗ್ತಾರೆ ಹೇಳಿ?"

"ನಾನ್ ಏನ್ ಮಾತಾಡಿದ್ದು?"

"ಅದೇ, ಇನ್ನೊಬ್ಬರ ದೇವರ ಜಾಗ ತಗೊಂಡು ಖುಷಿ ಪಡಬಾರದು ಅಂತ."

"ಹೂಂ. ಅದನ್ನ ನಾನು ನಮ್ಮೋರಿಗ್ ಹೇಳ್ದೆ. ನೀವು ನಿಮ್ಮೋರಿಗ್ ಹೇಳಿದ್ರಾ?"

ಶಾಲು ಹಿಡಿದವರು ಅದನ್ನು ಮತ್ತೆ ಮಡಿಸತೊಡಗಿದರು.

"ಹೇಳಿ ಬನ್ನಿ. ಆಮೇಲೆ ಒಂದೇ ಶಾಲ್ನ ಇಬ್ರೂ ಹೊದ್ಕೊಳ್ಳೋಣ." ದನಿ ಏರಿರಲಿಲ್ಲ. "ನಾನ್ ನಮ್ಮನೆ ಒಳಗ್ ಹೇಳಿದ್ ಮಾತು ಅದು. ಅದ್ನ ಎತ್ಕೊಂಡ್ ಹೋಗಿ ನಮ್ಮೋರ ತಲೆಗೇ ಹೊಡೀರಿ ಅಂತ ನಿಮ್ಗೆ ಕೊಟ್ಟಿಲ್ಲ."

ಮೊಬೈಲು ಇಳಿಯಿತು. "ಎಷ್ಟಾದ್ರೂ ಇವರೂ ಅಷ್ಟೇ" ಎಂದು ಯಾರೋ ಅಂದದ್ದು ಬೇಕೆಂದೇ ಕೇಳಿಸುವಷ್ಟು ಜೋರಾಗಿತ್ತು. ಅವರು ಹೋದ ಮೇಲೆ ಸಾಹೇಬರು ನನ್ನ ಕಡೆ ನೋಡಿದರು.

"ನೀವ್ ಹೇಳಿದ್ರಾ ಮೇಡಂ?"

"ಹೌದು ಸಾಹೇಬ್ರೇ."

ತಲೆ ತಗ್ಗಿಸಿ ಫ್ಯಾನಿನ ರೆಕ್ಕೆ ಒರೆಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂರು ವಾರ ಅವರು ನಮ್ಮ ಮನೆಗೆ ಬರಲಿಲ್ಲ. ನಾನು ಅಂಗಡಿಯ ಮುಂದೆ ಹೋಗುವುದು ಬಿಟ್ಟು ಹಿಂದಿನ ರಸ್ತೆಯಲ್ಲಿ ಸುತ್ತಿಕೊಂಡು ಬಸ್‌ಸ್ಟಾಪಿಗೆ ಹೋಗುತ್ತಿದ್ದೆ. ಸಹೋದ್ಯೋಗಿಯ ಜೊತೆ ಜಗಳವಾಡಿ ಆ ಬರಹ ತೆಗೆಸಿದೆ. ಅಷ್ಟರಲ್ಲಿ ಅದು ಹೋಗಬೇಕಾದಲ್ಲಿಗೆಲ್ಲ ಹೋಗಿತ್ತು. ಕೊನೆಗೆ ಒಂದು ಭಾನುವಾರ ಧೈರ್ಯ ಮಾಡಿ ಅವರ ಮನೆಗೇ ಹೋದೆ. ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಹೇಳಲು ಬಿಡಲಿಲ್ಲ. ಕುರ್ಚಿ ಎಳೆದು ಕೊಟ್ಟು, ಮುಂದೆ ಹಾಳೆ ಪೆನ್ನು ಇಟ್ಟರು.

"ಅವ್ರಿಬ್ರಿಗೂ ಬರೀಬೇಕು ಮೇಡಂ. ಇಲ್ಲಿ ಆಗಿದ್ದೆಲ್ಲಾನೂ."

"ಎಲ್ಲಾನೂ ಅಂದ್ರೆ?"

"ನಾನ್ ಮಸೀದಿ ಮುಂದೆ ಹೇಳಿದ್ದು, ನಮ್ಮೋರು ಬೈದಿದ್ದು, ಶಾಲು. ನೀವ್ ಮಾಡಿದ್ದೂ ಬರೀರಿ. ನಿಮ್ ಕೈಲೇ ಬರೀರಿ."

ಬರೆದೆ. ನಾನು ಇಡೀ ಜನ್ಮದಲ್ಲಿ ಬರೆದ ಅತಿ ಕಷ್ಟದ ಇಂಗ್ಲಿಷ್ ಅದು. 'ಇವರ ಮಾತನ್ನು ಇವರ ಅನುಮತಿಯಿಲ್ಲದೆ ಹೊರಗೆ ಒಯ್ದವಳು ಈ ಕಾಗದ ಬರೆಯುತ್ತಿರುವ ನಾನೇ' ಎಂಬ ಸಾಲು ಬಂದಾಗ ಪೆನ್ನು ನಿಂತಿತು. ಸಾಹೇಬರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಅವರ ಹೆಂಡತಿ ಚಹಾ ತಂದಿಟ್ಟು ನನ್ನ ಬೆನ್ನಿನ ಮೇಲೆ ಒಂದು ಗಳಿಗೆ ಕೈಯಿಟ್ಟು ಒಳಗೆ ಹೋದರು. ಬರೆದು ಮುಗಿಸಿ ಓದಿದೆ. ಪೂರ್ತಿ ಕೇಳಿ, "ಸರಿಯಾಗಿದೆ. ಒಂದೂ ದೊಡ್ಡ ಪದ ಇಲ್ಲ" ಅಂದರು. ಅಲ್ಲಿಗೆ ನಮ್ಮ ನಡುವಿನದು ಮುಗಿಯಿತು. ಆಮೇಲೆ ಒಂದು ದಿನವೂ ಅದನ್ನು ಎತ್ತಲಿಲ್ಲ.

ಮುದುಕರು ಉತ್ತರದಲ್ಲಿ ನನಗೆಂದೇ ಒಂದು ಸಾಲು ಸೇರಿಸಿದ್ದರು. 'ಟೀಚರಿಗೆ ಹೇಳಿ, ನನಗೂ ಇಂಥ ಸೊಸೆಯೊಬ್ಬಳಿದ್ದಾಳೆ. ಬಂಗಾರದ ಮನಸ್ಸು, ಬಾಯಿ ಮಾತ್ರ ಬೋಟಿನ ಸೈರನ್ನು.' ಇದನ್ನು ಓದಿ ಹೇಳುವಾಗ ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಮೇಷ್ಟರು ತಮ್ಮ ಊರಿನಲ್ಲೂ ತಾವು ಸರ್ಕಾರದ ವಿರುದ್ಧ ಬರೆದರೆ ಹೂಮಾಲೆ, ತಮ್ಮವರ ತಪ್ಪಿನ ಬಗ್ಗೆ ಬರೆದರೆ ಬೈಗುಳ ಎಂದು ನಾಲ್ಕು ಪುಟ ಬರೆದಿದ್ದರು.

"ಅಲ್ಲಿ ಕೋರ್ಟಿಗ್ ಕರೀತಾರೆ, ಇಲ್ಲಿ ಚಹಾಕ್ ಕರಿಯೋದ್ ಬಿಡ್ತಾರೆ. ನಾನೇ ಪುಣ್ಯವಂತ" ಎಂದರು ಸಾಹೇಬರು.

ಬೀದಿಯ ಗಂಡಸರು ಕೆಲವು ತಿಂಗಳು ಅಂಗಡಿ ಕಡೆ ತಲೆಹಾಕಲಿಲ್ಲ. ಹೆಂಗಸರು ಮಾತ್ರ ಮೊದಲ ವಾರದಿಂದಲೇ ಮಿಕ್ಸಿ ಕಳಿಸುತ್ತಿದ್ದರು. ಮಸಾಲೆ ರುಬ್ಬಬೇಕಾದಾಗ ತುರ್ಕಿ ನೋಡುವುದಕ್ಕಾಗುತ್ತದೆಯೇ. ಬಾಯಿ ತೆರೆದು ಯಾರೂ ರಾಜಿ ಮಾಡಿಕೊಳ್ಳಲಿಲ್ಲ, ಆದರೆ ಒಬ್ಬೊಬ್ಬರಾಗಿ ಬಂದರು. ತಮ್ಮ ಬಂದದ್ದು ಕೊನೆಗೆ. ಮುಂದಿನ ವರ್ಷ ಎರಡನೆಯ ಅಲೆಯಲ್ಲಿ ಸಾಹೇಬರಿಗೆ ಉಸಿರು ಕಟ್ಟಿದಾಗ ಆಕ್ಸಿಜನ್ ಸಿಲಿಂಡರಿಗೆ ಊರೆಲ್ಲ ಅಲೆದು, ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವನು ಅವನೇ. ಹತ್ತಲ್ಲ ಎಂದಿದ್ದ ಮೆಟ್ಟಿಲನ್ನು ಆ ಭಾರ ಹೊತ್ತೇ ಹತ್ತಿದ.

ಬದುಕಿದರು, ಆದರೆ ಹಳೆಯ ಶಕ್ತಿ ಬರಲಿಲ್ಲ. ಅಷ್ಟರಲ್ಲಿ ಅವರ ಶಾರ್ಟ್‌ವೇವ್ ಬರೀ ಗೊರಗೊರವಾಗಿತ್ತು. ಮಗಳು ಫೋನಿನಲ್ಲಿ ದೂರದ ಸ್ಟೇಷನ್ ಹಾಕಿಕೊಟ್ಟರೆ, "ಇಷ್ಟ್ ಕ್ಲಿಯರ್ ಆಗಿದ್ರೆ ಕೇಳ್ದಂಗೇ ಆಗಲ್ಲ" ಎಂದು ಮುಖ ತಿರುಗಿಸುತ್ತಿದ್ದರು. ಎರಡು ವರ್ಷದ ಹಿಂದೆ ವಾಚಿನ ಮುದುಕರು ಹೋದರು. ಆ ದಿನ ಸಾಹೇಬರು ನನ್ನಿಂದ ಮೇಷ್ಟರಿಗೆ ಬರೆಸಿದ ಕಾಗದ ಒಂದೇ ಸಾಲಿನದು: 'ಈಗ ನಾವಿಬ್ಬರೇ.'

ಸಾಹೇಬರು ಹೋದ ಮೇಲೆ ಮೇಷ್ಟರಿಗೆ ತಿಳಿಸುವುದು ನನ್ನ ಪಾಲಿಗೆ ಬಂತು. ಹೇಳಿಕೊಡುವವರಿಲ್ಲದೆ ಮೊದಲ ಸಲ ಬರೆದೆ. ಯಾವ ಆಸ್ಪತ್ರೆ, ಯಾವ ಹೊತ್ತು, ಜನಾಜಕ್ಕೆ ಹೆಗಲು ಕೊಟ್ಟವರಲ್ಲಿ ಆ ಶುಕ್ರವಾರ ಬೈದಿದ್ದ ಇಬ್ಬರು ಹಿರಿಯರೂ ಇದ್ದರು, ಅವರ ಕಣ್ಣೂ ಒದ್ದೆಯಾಗಿತ್ತು, ಇಷ್ಟೇ ಬರೆದೆ.

ಉತ್ತರ ಕಳೆದ ತಿಂಗಳು ಬಂತು. ಅದನ್ನು ತೆಗೆದುಕೊಂಡು ಸಾಹೇಬರ ಮನೆಗೆ ಹೋದೆ. ಅವರ ಹೆಂಡತಿ ಇದ್ದತ್ತಿನಲ್ಲಿದ್ದರು. ಗಂಡ ತೀರಿಕೊಂಡ ಮೇಲಿನ ಆ ನಾಲ್ಕು ತಿಂಗಳು ಹೊರಗೆ ಕಾಲಿಡುವಂತಿಲ್ಲ. ಮಂಚದ ತುದಿಯಲ್ಲಿ ಕೂತು, "ಓದಿ ಮೇಡಂ, ಕನ್ನಡದಲ್ ಹೇಳಿ" ಅಂದರು.

ಮೇಷ್ಟರು ಬರೆದಿದ್ದರು: 'ನಿಮ್ಮ ಕಾಗದ ಬಂದ ವಾರ ಬಸ್ಸು ಹತ್ತಿ ಗಡಿ ದಾಟಿ ಇಸ್ತಾಂಬುಲಿಗೆ ಹೋದೆ. ಅಲ್ಲಿಂದ ದ್ವೀಪಕ್ಕೆ. ನಮ್ಮ ವಾಚಿನವರನ್ನು ಮಣ್ಣು ಮಾಡಿದ್ದು ಗುಡ್ಡದ ಮೇಲಿನ ಗ್ರೀಕರ ಸ್ಮಶಾನದಲ್ಲಿ. ಗೇಟಿನ ಕಾವಲಿನವನು ಯಾರನ್ನು ನೋಡಬೇಕು ಅಂದ, ಹೆಸರು ಹೇಳಿದೆ. ನನ್ನ ಹೆಸರು ಕೇಳಿದ, ಹೇಳಿದೆ. ಮುಸ್ಲಿಂ ಹೆಸರು ಕೇಳಿ ಅವನಿಗೆ ಆಶ್ಚರ್ಯವಾಯಿತು. ನೀವು ಅವರಿಗೆ ಏನಾಗಬೇಕು ಅಂದ. ಸಂಬಂಧಿಕ ಅಂದೆ. ಯಾವ ಕಡೆಯಿಂದ ಅಂದ. ಭಾರತದ ಕಡೆಯಿಂದ ಅಂದೆ. ಗೇಟು ತೆಗೆದ. ಸಮಾಧಿಯ ಹತ್ತಿರ ನಿಂತು ನಿಮ್ಮ ಕಾಗದವನ್ನು ಗ್ರೀಕ್ ಭಾಷೆಯಲ್ಲಿ ಪೂರ್ತಿ ಓದಿ ಹೇಳಿದೆ, ದನಿ ತಗ್ಗಿಸದೆ.'

ನಾನು ನಿಲ್ಲಿಸಿದೆ. ಅವರು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಗುತ್ತಿದ್ದರು. ಸಾಹೇಬರು ಹೋದ ಮೇಲೆ ಮೊದಲ ಸಲ.

"ಭಾರತದ್ ಕಡೆಯಿಂದ ಅಂದ್ರಾ?"

"ಹೂಂ."

"ಗೇಟ್ ತೆಗೆದ್ನಾ ಅವ್ನು?"

"ತೆಗೆದ."

"ಇನ್ನೊಂದ್ ಸಲ ಓದಿ ಮೇಡಂ, ಆ ಗೇಟಿಂದು."